ಹನ್ನೆರಡನೆಯ ಹುಡುಗನಿಗೂ ಅರ್ಧ ಆಟ



ಮುಂಗಾರಿನ ಬಿತ್ತನೆ ಮುಗಿದು ಹೊಲದಲ್ಲಿ ಎಡೆ ಹೊಡೆಯುವ ಹೊತ್ತಿಗೆ ಹಾವೇರಿ ಜಿಲ್ಲೆಯ ಶಾಲೆಗಳ ಬಯಲಿನಲ್ಲಿ ಸೀಟಿಯ ಸದ್ದು ಜೋರಾಗುತ್ತದೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಯಾರಿ ಶುರುವಾಗಿರುತ್ತದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ. ಕುಮಾರಪಟ್ಟಣ, ಕೊಡಿಯಾಲ ಹೊಸಪೇಟೆ, ರಾಣೆಬೆನ್ನೂರು, ಬ್ಯಾಡಗಿ ಕಡೆ ಫುಟ್‌ಬಾಲ್ ಆಡುವ ಮಕ್ಕಳೂ ಇದ್ದಾರೆ. ಆದರೆ ಊರು ಸೇರುವುದು ಕಬಡ್ಡಿಗೆ, ಖೊಖೊಗೆ, ವಾಲಿಬಾಲಿಗೆ. ಆಟ ಯಾವುದಾದರೂ ಇರಲಿ, ಮಕ್ಕಳ ತಂಡಗಳಲ್ಲಿ ಒಂದು ರೂಢಿ ಮಾತ್ರ ಎಲ್ಲೆಡೆ ಒಂದೇ. ಚೆನ್ನಾಗಿ ಆಡುವ ಒಬ್ಬಿಬ್ಬರು ಪ್ರತಿ ಪಂದ್ಯವನ್ನೂ ಪೂರ್ತಿ ಆಡುತ್ತಾರೆ. ಉಳಿದವರಲ್ಲಿ ಕೆಲವರು ಆಡುವುದೇ ಇಲ್ಲ. ಇವತ್ತಿನ ಮಾತು ಅವರನ್ನು ಕುರಿತದ್ದು.

ಕಬಡ್ಡಿ ತಂಡದ ಪಟ್ಟಿಯಲ್ಲಿ 12 ಹೆಸರು, ಅಂಕಣದಲ್ಲಿ 7 ಮಂದಿ. ಉಳಿದ ಐವರನ್ನು ನಮ್ಮ ಕಡೆ ‘ಎಕ್ಸ್‌ಟ್ರಾ ಪ್ಲೇಯರ್’ ಎನ್ನುತ್ತಾರೆ. ತಾಲ್ಲೂಕು ಮಟ್ಟದ ಪಂದ್ಯದ ದಿನ ಅವರನ್ನು ಗಮನಿಸಿದವರಿಗೆ ಅವರ ಕೆಲಸವೇನೆಂದು ಗೊತ್ತು. ಆಡುವವರ ಬ್ಯಾಗು, ಚಪ್ಪಲಿ, ಊಟದ ಡಬ್ಬಿಗಳನ್ನು ಒಂದೆಡೆ ಗುಡ್ಡೆ ಹಾಕಿಕೊಂಡು ಕಾಯುವುದು. ವಿರಾಮದಲ್ಲಿ ನೀರಿನ ಬಾಟಲಿ ಹಿಡಿದು ಓಡುವುದು. ತಂಡಕ್ಕೆಂದು ಹೊಲಿಸಿದ ಜರ್ಸಿ ಕಡಿಮೆ ಬಿದ್ದರೆ ತನ್ನದನ್ನು ಬಿಚ್ಚಿಕೊಟ್ಟು ಮನೆಯ ಅಂಗಿಯಲ್ಲಿ ಕೂರುವುದು. ಅಂಕಣದ ಅಂಚಿನಲ್ಲಿ, ಮೊದಲ ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರ ಬಂದ ಒಬ್ಬ ತಂದೆ ಮಾಸ್ತರರ ಪಕ್ಕ ನಿಂತು ಮೆಲ್ಲಗೆ ಕೇಳುತ್ತಾನೆ: ‘ಸರ್ರ, ನಮ್ಮ ಹುಡುಗನ್ನ ಒಂದೈದು ನಿಮಿಷನಾದ್ರೂ ಇಳಸ್ರಿ.’ ಮಾಸ್ತರರ ಕಣ್ಣು ಸ್ಕೋರಿನ ಮೇಲೆ. ‘ಈ ಮ್ಯಾಚ್ ಹೋದ್ರ ಎಲ್ಲಾ ಹೋತ್ರಿ. ಮುಂದಿನ ಮ್ಯಾಚಿಗೆ ನೋಡೋಣು.’ ಮುಂದಿನ ಪಂದ್ಯದಲ್ಲೂ ಇದೇ ಮಾತು ನಡೆಯುತ್ತದೆ.

ಇದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಶಾಲಾ ಕ್ರೀಡಾಕೂಟ ನಡೆಯುವುದು ನಾಕ್‌ಔಟ್ ಪದ್ಧತಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋದಲ್ಲಿ ಬಂದಿಳಿದ ತಂಡ ಮೊದಲ ಪಂದ್ಯ ಸೋತರೆ ಹತ್ತೂವರೆಗೆ ವಾಪಸ್ ಹೊರಡಬೇಕು. ವರ್ಷವಿಡೀ ಮಾಡಿದ ಅಭ್ಯಾಸಕ್ಕೆ ಅಲ್ಲಿಗೇ ತೆರೆ. ಶಿಕ್ಷಕರ ಕೆಲಸವನ್ನು ಇಲಾಖೆಯೂ ಊರೂ ಅಳೆಯುವುದು ಕಪಾಟಿನ ಶೀಲ್ಡುಗಳನ್ನು ಎಣಿಸಿ. ಎಷ್ಟು ಮಕ್ಕಳು ಆಡಿದರು ಎಂದು ಯಾರೂ ಕೇಳುವುದಿಲ್ಲ, ಎಷ್ಟರವರೆಗೆ ಹೋದಿರಿ ಎಂದೇ ಕೇಳುತ್ತಾರೆ. ಹೀಗಿರುವಾಗ ಚೆನ್ನಾಗಿ ರೇಡ್ ಮಾಡುವ ಹುಡುಗನನ್ನು ಕೂರಿಸಿ ಹೊಸಬನನ್ನು ಇಳಿಸುವ ಧೈರ್ಯ ಯಾರಿಗೆ ಬಂದೀತು?

ಆಟದ ನಿಯಮವೂ ಇದಕ್ಕೆ ಒಂದಿಷ್ಟು ಕಾರಣ. ವಾಲಿಬಾಲಿನಲ್ಲಿ ಸರದಿ ನಿಯಮದಲ್ಲೇ ಇದೆ. ಸರ್ವ್ ಗೆದ್ದುಕೊಂಡ ತಂಡ ಒಂದು ಸ್ಥಾನ ಸುತ್ತಲೇಬೇಕು. ಹಿಂದೆ ನಿಂತಿದ್ದವನು ನೆಟ್ಟಿನ ಮುಂದೆ ಬರುತ್ತಾನೆ, ಸರ್ವ್ ಮಾಡುವವನೂ ಬದಲಾಗುತ್ತಾನೆ. ಖೊಖೊದಲ್ಲಿ ಓಡುವ ಒಂಬತ್ತು ಮಂದಿ ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಮೊದಲ ಮೂವರು ಔಟಾದರೆ ಮುಂದಿನ ಮೂವರಿಗೆ ಸರದಿ ತಾನಾಗಿ ಬರುತ್ತದೆ. ಕಬಡ್ಡಿ, ಫುಟ್‌ಬಾಲ್ ಹಾಗಲ್ಲ. ಒಬ್ಬನೇ ರೇಡರ್ ಮತ್ತೆ ಮತ್ತೆ ಹೋಗಬಹುದು. ಪ್ರತಿ ಚೆಂಡನ್ನೂ ಒಬ್ಬನೇ ಸ್ಟ್ರೈಕರನಿಗೆ ತಳ್ಳಬಹುದು. ಪಟ್ಟಿಯಲ್ಲಿ ಹೆಸರಿದ್ದರೂ ಕಾಲಿಗೆ ಒಮ್ಮೆಯೂ ಚೆಂಡು ತಾಗದೆ ಒಬ್ಬ ಹುಡುಗ ಇಡೀ ಋತು ಕಳೆಯಬಹುದು. ಹಾಗೆಂದು ಬದಲಿ ಆಟಗಾರರನ್ನು ಇಳಿಸಲು ಅಡ್ಡಿಯೇನೂ ಇಲ್ಲ. ಕಬಡ್ಡಿಯ ನಿಯಮ ಐವರು ಬದಲಿಗಳಿಗೆ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ನಾವು ಬಳಸುತ್ತಿಲ್ಲ, ಅಷ್ಟೇ.

‘ಚೆನ್ನಾಗಿ ಆಡುವವನು ಆಡಲಿ, ಅದರಲ್ಲಿ ತಪ್ಪೇನು’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲಿ ‘ಚೆನ್ನಾಗಿ ಆಡುವವನು’ ಎಂದರೆ ಯಾರು? ಆ ವಯಸ್ಸಿನ ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಎತ್ತರದಲ್ಲಿ ಗೇಣುದ್ದ ವ್ಯತ್ಯಾಸ, ತೂಕದಲ್ಲಿ ಹತ್ತು ಹದಿನೈದು ಕಿಲೋ. ಮೊದಲೇ ಬೆಳೆದವನು ಡಿಕ್ಕಿ ಹೊಡೆದರೆ ಮೂವರು ಕೆಳಗೆ ಬೀಳುತ್ತಾರೆ. ಅದನ್ನು ನಾವು ಪ್ರತಿಭೆ ಎನ್ನುತ್ತೇವೆ. ಎಷ್ಟೋ ಸಲ ಅದು ಬರಿಯ ಬೆಳವಣಿಗೆಯ ವೇಗ.

ಇದಕ್ಕೆ ಪುರಾವೆ ಹುಟ್ಟಿದ ತಿಂಗಳಿನಲ್ಲಿದೆ. ಕೆನಡಾದಲ್ಲಿ ಐಸ್ ಹಾಕಿ ಆಡುವ ಹುಡುಗರ ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಿದ್ದರು. 1985ರಲ್ಲಿ ರೋಜರ್ ಬಾರ್ನ್ಸ್‌ಲೀ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ದೊಡ್ಡ ತಂಡಗಳ ಆಟಗಾರರ ಜನ್ಮದಿನಾಂಕಗಳನ್ನು ಜೋಡಿಸಿ ನೋಡಿದರು. ಜನವರಿಯಿಂದ ಮಾರ್ಚಿನೊಳಗೆ ಹುಟ್ಟಿದವರು ತೀರ ಹೆಚ್ಚು, ವರ್ಷದ ಕೊನೆಯಲ್ಲಿ ಹುಟ್ಟಿದವರು ತೀರ ಕಡಿಮೆ ಇದ್ದರು. ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರಿನ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಎಂಟನೆಯ ವಯಸ್ಸಿನಲ್ಲಿ ಅದು ದೊಡ್ಡ ಅಂತರ. ದೊಡ್ಡದು ಎಂದು ಆರಿಸಿದರು, ಆರಿಸಿದ್ದರಿಂದ ಹೆಚ್ಚು ಆಡಿಸಿದರು, ಹೆಚ್ಚು ಆಡಿದ್ದರಿಂದ ಅದು ನಿಜಕ್ಕೂ ಮೇಲೆ ಬಂತು. ಬೆಲ್ಜಿಯಂನ ಫುಟ್‌ಬಾಲಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. 1997ರಲ್ಲಿ ಅಲ್ಲಿ ವಯೋಮಿತಿಯ ದಿನವನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಿಸಿದರು. ಅಲ್ಲಿಯವರೆಗೆ ಆಯ್ಕೆಯಲ್ಲಿ ಮುಂದಿದ್ದ ಆಗಸ್ಟ್, ಸೆಪ್ಟೆಂಬರಿನ ಮಕ್ಕಳು ಹಿಂದೆ ಸರಿದರು. ಜನವರಿ, ಫೆಬ್ರವರಿಯ ಮಕ್ಕಳು ಮುಂದೆ ಬಂದರು. ಪ್ರತಿಭೆ ತಿಂಗಳು ಬದಲಿಸಿರಲಿಲ್ಲ, ಕಚೇರಿಯ ಆದೇಶ ಬದಲಾಗಿತ್ತು.

ನಮ್ಮಲ್ಲಿ ಈ ಲೆಕ್ಕ ಇನ್ನೂ ಗೋಜಲು. ಜೂನ್ 1ರಂದು ಹುಟ್ಟಿದವರು ಕರ್ನಾಟಕದಲ್ಲಿ ಎಷ್ಟು ಮಂದಿ ಎಂದು ಯಾವ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದರೂ ತಿಳಿಯುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಹೆಡ್‌ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಳ್ಳುತ್ತಿದ್ದ ಕಾಲ ಅದು. ಈಗ ಜನನ ಪ್ರಮಾಣಪತ್ರ ಬಂದಿದೆ. ಅದರ ಜೊತೆಗೆ, ಗೆಲ್ಲುವ ಆಸೆಯಿಂದ ವಯಸ್ಸು ಕಡಿಮೆ ತೋರಿಸುವ ಚಾಳಿಯೂ ದೇಶದ ತುಂಬ ಬೆಳೆದಿದೆ. 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ಕ್ರಿಕೆಟಿಗ ರಾಹುಲ್ ದ್ರಾವಿಡ್ ಈ ಚಾಳಿಯನ್ನೇ ಎತ್ತಿಕೊಂಡು ಕಟುವಾಗಿ ಮಾತಾಡಿದರು. ವಯಸ್ಸು ತಿದ್ದಿದ ಹುಡುಗ ಆಡಿದರೆ ಪ್ರಾಮಾಣಿಕವಾಗಿ ಆಡುವ ಇನ್ನೊಬ್ಬ ಹುಡುಗನ ಜಾಗ ಹೋಗುತ್ತದೆ. ಅಪ್ಪನೂ ಕೋಚೂ ಸೇರಿ ಸುಳ್ಳು ದಾಖಲೆ ಮಾಡಿಸುವುದನ್ನು ಕಂಡ ಮಗು ಮೋಸವನ್ನೇ ಕಲಿಯುತ್ತದೆ ಎಂಬುದು ಅವರ ಮಾತಿನ ಸಾರ. ಇಂಥ ಸುಳ್ಳನ್ನು ಹಿಡಿಯಲು ಕ್ರಿಕೆಟ್ ಮಂಡಳಿ ಎಳೆಯ ಆಟಗಾರರ ಮುಂಗೈ ಎಲುಬಿನ ಎಕ್ಸ್‌ರೇ ತೆಗೆಸುತ್ತದೆ. ಫೀಫಾ ಕೂಡ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮುಂಗೈಯ ಎಂಆರ್‌ಐ ಮಾಡಿಸುತ್ತಿದೆ.

ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು ಗಿಡದ ಕಾಯಿಯನ್ನು ಒಂದೇ ಸಲಕ್ಕೆ ಬಿಡಿಸಿ ಮುಗಿಸುವುದಿಲ್ಲ. ಹಣ್ಣಾದದ್ದನ್ನು ಮೊದಲು ಬಿಡಿಸಿ, ಉಳಿದದ್ದಕ್ಕೆ ಕಾದು, ಎರಡನೆಯ, ಮೂರನೆಯ ಸಲ ಬಿಡಿಸುತ್ತಾರೆ. ಮೊದಲ ಸಲಕ್ಕೆ ಕಾಯಿ ಸಿಗಲಿಲ್ಲವೆಂದು ಗಿಡ ಕಿತ್ತು ಹಾಕಿದ ರೈತ ಯಾರೂ ಇಲ್ಲ. ಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವುದು ಆ ಕೆಲಸವನ್ನೇ.

ಹಾಗಾದರೆ ದಾರಿ ಏನು? ದ್ರಾವಿಡ್ ಅವರೇ ಒಂದು ದಾರಿ ತೋರಿಸಿದ್ದಾರೆ. 2015ರಿಂದ ಅವರು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಕೋಚ್ ಆಗಿದ್ದರು. ತಮ್ಮ ಜೊತೆ ‘ಎ’ ತಂಡದ ಪ್ರವಾಸಕ್ಕೆ ಬಂದ ಯಾವ ಆಟಗಾರನೂ ಒಂದು ಪಂದ್ಯವಾದರೂ ಆಡದೆ ಮನೆಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದರಂತೆ. 2021ರ ಒಂದು ಸಂದರ್ಶನದಲ್ಲಿ ಇದನ್ನು ಅವರು ವಿವರಿಸಿದ್ದಾರೆ. ತಾವೂ ಹುಡುಗನಾಗಿದ್ದಾಗ ಪ್ರವಾಸಕ್ಕೆ ಹೋಗಿ ಅವಕಾಶ ಸಿಗದೆ ಕೂತವರು. ಅದರ ನೋವು ಗೊತ್ತಿದ್ದವರು. ಎಂಟುನೂರು ರನ್ ಹೊಡೆದು ಆಯ್ಕೆಯಾದವನು ಬೆಂಚಿನಲ್ಲಿ ಕೂತು ಬಂದರೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ ಅಷ್ಟೇ ರನ್ ಹೊಡೆಯಬೇಕು ಎಂಬುದು ಅವರ ವಾದ. 19 ವರ್ಷದೊಳಗಿನವರ ತಂಡದಲ್ಲಿ ಒಂದು ಪಂದ್ಯದಿಂದ ಇನ್ನೊಂದಕ್ಕೆ ಸಾಧ್ಯವಾದರೆ ಐದಾರು ಬದಲಾವಣೆ ಮಾಡುತ್ತಿದ್ದರು. ಒಬ್ಬ ಹುಡುಗ 19ರೊಳಗಿನವರ ವಿಶ್ವಕಪ್ಪನ್ನು ಒಮ್ಮೆ ಮಾತ್ರ ಆಡಲಿ, ಮುಂದಿನ ಸಲ ಆ ಜಾಗ ಬೇರೆಯವನಿಗೆ ಸಿಗಲಿ ಎಂಬ ನಿಯಮವೂ ಆ ಕಾಲದಲ್ಲೇ ಬಂತು.

ಇದರಿಂದ ತಂಡ ಸೋತಿತೇ? 2016ರಲ್ಲಿ ಆ ತಂಡ ವಿಶ್ವಕಪ್ ಫೈನಲ್ ತಲುಪಿತು. 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯಾವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ಕಪ್ ಗೆದ್ದಿತು. ಆಗ ಮಂಡಳಿ ಕೋಚ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಎಲ್ಲರೂ ಸಮವಾಗಿ ದುಡಿದಿದ್ದಾರೆ, ಬಹುಮಾನವೂ ಸಮವಾಗಿರಲಿ ಎಂದು ದ್ರಾವಿಡ್ ಹಟ ಹಿಡಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷ ಎಂದಾಯಿತು. ಅಂದರೆ ತಮ್ಮ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟರು. ದೇಶದ ತಂಡದಲ್ಲಿ, ವಿಶ್ವಕಪ್ಪಿನ ಮಟ್ಟದಲ್ಲಿ ಪಾಲಿಸಬಹುದಾದ ನಿಯಮ ಹೋಬಳಿ ಮಟ್ಟದಲ್ಲಿ ಯಾಕೆ ಆಗುವುದಿಲ್ಲ?

ಕಾಯುತ್ತ ಕೂತವರ ವಿಷಯದಲ್ಲಿ ಮುಂಬೈನ ಒಂದು ಪಂದ್ಯವನ್ನು ನೆನೆಯಲೇಬೇಕು. 1988ರ ಫೆಬ್ರವರಿ, ಆಜಾದ್ ಮೈದಾನ, ಹ್ಯಾರಿಸ್ ಶೀಲ್ಡ್ ಶಾಲಾ ಟೂರ್ನಿ. ಶಾರದಾಶ್ರಮ ಶಾಲೆಯ ಸಚಿನ್ ತೆಂಡೂಲ್ಕರ್ ಔಟಾಗದೆ 326, ವಿನೋದ್ ಕಾಂಬ್ಳಿ ಔಟಾಗದೆ 349. ಇಬ್ಬರ ಜೊತೆಯಾಟ 664. ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಆ ತಂಡದ ಮೊತ್ತ ಎರಡು ವಿಕೆಟ್‌ಗೆ 748. ಅಂದರೆ ಬ್ಯಾಟ್ ಹಿಡಿದವರು ನಾಲ್ವರು, ಹಿಡಿಯದವರು ಏಳು ಮಂದಿ. ಮುಂದಿನ ಸರದಿ ತನ್ನದೆಂದು ಪ್ಯಾಡ್ ಕಟ್ಟಿಕೊಂಡು ಕೂತಿದ್ದ ಹದಿಮೂರು ವರ್ಷದ ಹುಡುಗನ ಹೆಸರು ಅಮೋಲ್ ಮಜುಂದಾರ್. ಅವನ ಸರದಿ ಆ ಇನಿಂಗ್ಸಿನಲ್ಲಿ ಬರಲೇ ಇಲ್ಲ. ಅವನಲ್ಲಿ ಏನು ಕಡಿಮೆಯಿತ್ತು? 1994ರಲ್ಲಿ ರಣಜಿಗೆ ಕಾಲಿಟ್ಟ ಮೊದಲ ಪಂದ್ಯದಲ್ಲೇ 260 ರನ್ ಹೊಡೆದ. ಪ್ರಥಮ ದರ್ಜೆಯಲ್ಲಿ 11,167 ರನ್, 30 ಶತಕ. ಭಾರತದ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಅದಕ್ಕೆ ಕಾರಣ ಆ ಶಾಲಾ ಪಂದ್ಯವಲ್ಲ ನಿಜ; ಆದರೆ ಪ್ಯಾಡ್ ಕಟ್ಟಿ ಕೂತವನು ಎಂಥ ಆಟಗಾರನಿರಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಸಿಗದು. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಭಾರತದ ಹೆಣ್ಣುಮಕ್ಕಳು ಮೊದಲ ಸಲ ಏಕದಿನ ವಿಶ್ವಕಪ್ ಎತ್ತಿದಾಗ ಅವರ ಮುಖ್ಯ ಕೋಚ್ ಇದೇ ಮಜುಂದಾರ್.

ಕೂತವರಿಗೆ ಮಾತ್ರ ನಷ್ಟ, ಆಡುವವನಿಗೆ ಲಾಭ ಎಂದುಕೊಂಡರೆ ಅದೂ ತಪ್ಪು ಲೆಕ್ಕ. ಸ್ಟಾರ್ ಹುಡುಗನೂ ಮಗುವೇ. ತಾಲ್ಲೂಕು ಮಟ್ಟದಲ್ಲಿ ಒಂದೇ ದಿನ ಮೂರು ನಾಲ್ಕು ಪಂದ್ಯ ನಡೆಯುತ್ತವೆ. ಪ್ರತಿಯೊಂದರಲ್ಲೂ ಪ್ರತಿ ನಿಮಿಷವೂ ಅವನೇ ಬೇಕು. ಎಲುಬು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಮೊಣಕಾಲಿನ ಕೆಳಗಿನ ಉಬ್ಬು ನೋಯತೊಡಗುತ್ತದೆ. ಓಡಾಟ, ಜಿಗಿತ ಅತಿಯಾದ ಮಕ್ಕಳಲ್ಲಿ ಇದು ಸಾಮಾನ್ಯ, ವಿಶ್ರಾಂತಿಯೇ ಇದಕ್ಕೆ ಮೊದಲ ಮದ್ದು ಎಂದು ವೈದ್ಯರು ಹೇಳುತ್ತಾರೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಸ್ಪ್ರೇ ಹೊಡೆದು ಅವನನ್ನು ಮತ್ತೆ ಇಳಿಸುತ್ತೇವೆ. ಅಭ್ಯಾಸಕ್ಕೆ ತಡವಾಗಿ ಬಂದರೂ ಅವನಿಗೆ ಬೈಗುಳವಿಲ್ಲ, ಗೆಳೆಯನನ್ನು ಹೀಯಾಳಿಸಿದರೂ ಕೇಳುವವರಿಲ್ಲ. ಹದಿನೆಂಟು ತುಂಬುವ ಹೊತ್ತಿಗೆ ಉಳಿದವರ ಮೈಯೂ ಬೆಳೆದು ಅವನ ಮೇಲುಗೈ ಹೋಗಿರುತ್ತದೆ. ಸೋಲನ್ನು, ಕಾಯುವುದನ್ನು, ಪಾಸ್ ಕೊಡುವುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ.

ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಆಡಿದ. ‘ಮುಂದಿನ ಪೆಲೆ’ ಎಂದು ಪತ್ರಿಕೆಗಳು ಕೊಂಡಾಡಿದವು, ಕಂಪನಿಗಳು ಜಾಹೀರಾತಿಗೆ ಕರೆದವು. ಮುಂದಿನ ವರ್ಷಗಳಲ್ಲಿ ಅವನು ದೇಶದಿಂದ ದೇಶಕ್ಕೆ, ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ. ಎಲ್ಲೂ ನೆಲೆ ನಿಲ್ಲಲಿಲ್ಲ. ಇಂಗ್ಲೆಂಡಿನ ಜೇಮಿ ವಾರ್ಡಿಯದು ಇದಕ್ಕೆ ತಿರುಗುಮುರುಗಾದ ಕಥೆ. ಅವನು ಹುಟ್ಟಿದ ಊರು ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಶೆಫೀಲ್ಡ್. ಹದಿಹರೆಯದಲ್ಲೇ ಅಲ್ಲಿನ ದೊಡ್ಡ ಕ್ಲಬ್ಬು ‘ಮೈಕಟ್ಟು ಸಣ್ಣದು’ ಎಂದು ಅವನನ್ನು ಕೈಬಿಟ್ಟಿತು. ಮುರಿದ ಕೈಕಾಲಿಗೆ ಕಟ್ಟುವ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತ, ಪಕ್ಕದ ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ಊರಿನ ತಂಡಕ್ಕೆ ವಾರಕ್ಕೆ 30 ಪೌಂಡಿಗೆ ಆಡಿದ. 2012ರಲ್ಲಿ ಲೆಸ್ಟರ್ ಸಿಟಿ ಅವನನ್ನು ಕರೆಯಿತು. 2015ರಲ್ಲಿ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದ. 2016ರಲ್ಲಿ ತಂಡ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಕ್ಲಬ್ಬು ಕೈಬಿಟ್ಟವನಿಗೆ ಆಡಲು ಊರಿನಲ್ಲಿ ಇನ್ನೊಂದು ತಂಡ ಇದ್ದದ್ದರಿಂದ ಅವನು ಉಳಿದ. ಪಾಳಿ ಕೆಲಸದ ನಡುವೆ ಆಡುವವರ ಬೆಲೆ ಕುಮಾರಪಟ್ಟಣದಂಥ ಕಾರ್ಖಾನೆಯ ಊರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಫುಟ್‌ಬಾಲನ್ನು ಬಹುಕಾಲ ಸಾಕಿದ್ದೂ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳೇ.

ಎಲ್ಲ ಮಕ್ಕಳನ್ನೂ ಆಡಿಸುವ ದಾರಿಯನ್ನು ಇಡೀ ದೇಶವೇ ಹಿಡಿದದ್ದಕ್ಕೆ ನಾರ್ವೆ ಸಾಕ್ಷಿ. ಅಲ್ಲಿ 1987ರಿಂದಲೇ ಮಕ್ಕಳ ಕ್ರೀಡೆಗೆ ಲಿಖಿತ ನಿಯಮಗಳಿವೆ. ಹದಿಮೂರರೊಳಗಿನ ಮಕ್ಕಳಿಗೆ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್ ಇಲ್ಲ. ತೀರ ಚಿಕ್ಕವರ ಪಂದ್ಯಗಳಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿ ಪ್ರಕಟಿಸುವಂತಿಲ್ಲ. ಬಹುಮಾನ ಕೊಡುವುದಾದರೆ ಎಲ್ಲ ಮಕ್ಕಳಿಗೂ ಕೊಡಬೇಕು. ಹೀಗೆ ಬೆಳೆದ, ನಮ್ಮ ಬೆಂಗಳೂರಿಗಿಂತಲೂ ಕಡಿಮೆ ಜನಸಂಖ್ಯೆಯ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಅಲ್ಲಿನ ಬ್ರೂನೆ ಎಂಬ ಹೊಲಗದ್ದೆಗಳ ನಡುವಿನ ಪಟ್ಟಣದಲ್ಲಿ ಸುಮಾರು ನಲವತ್ತು ಮಕ್ಕಳ ಗುಂಪನ್ನು ಒಡೆಯದೆ, ‘ಎ’ ತಂಡ ‘ಬಿ’ ತಂಡ ಎಂದು ಬೇರ್ಪಡಿಸದೆ, ವರ್ಷಗಟ್ಟಲೆ ಒಟ್ಟಿಗೆ ಫುಟ್‌ಬಾಲ್ ಆಡಿಸಿದರು. ಹದಿನಾರು ತುಂಬುವಾಗಲೂ ಅವರಲ್ಲಿ ಬಹುತೇಕರು ಆಟದಲ್ಲೇ ಇದ್ದರು. ಆ ಗುಂಪಿನ ಒಬ್ಬ ಹುಡುಗ ಬಹಳ ಕಾಲ ಮೈಕಟ್ಟಿನಲ್ಲಿ ಸಣ್ಣವನಾಗಿದ್ದು, ಆಮೇಲೆ ಒಮ್ಮೆಲೇ ಎತ್ತರ ಬೆಳೆದ. ಅವನೇ ಇಂದಿನ ಹೆಸರಾಂತ ಫುಟ್‌ಬಾಲ್ ಆಟಗಾರ ಎರ್ಲಿಂಗ್ ಹಾಲಂಡ್.

ಭಾರತದಲ್ಲೂ ಈ ದಿಕ್ಕಿನಲ್ಲಿ ಕೆಲಸ ಶುರುವಾಗಿದೆ. ಫುಟ್‌ಬಾಲ್ ಒಕ್ಕೂಟ 2018ರಲ್ಲಿ ‘ಗೋಲ್ಡನ್ ಬೇಬಿ ಲೀಗ್’ ಎಂಬ ಯೋಜನೆ ತಂದಿತು: ಸಣ್ಣ ಅಂಕಣ, ಕಡಿಮೆ ಮಂದಿಯ ತಂಡ, ಒಂದು ದಿನದ ನಾಕ್‌ಔಟ್ ಬದಲು ತಿಂಗಳುಗಟ್ಟಲೆ ನಡೆಯುವ ಲೀಗ್. ತಂಡ ಸಣ್ಣದಾದಷ್ಟೂ ಪ್ರತಿ ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಲ ಬರುತ್ತದೆ. ನಮ್ಮ ರಾಜ್ಯಕ್ಕೂ ಇದು ಬೇಕು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಅಂತರರಾಜ್ಯ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದದ್ದು 54 ವರ್ಷಗಳ ನಂತರ. ಇನ್ನೊಂದು ಗೆಲುವಿಗೆ ಅಷ್ಟೇ ಕಾಲ ಕಾಯಬಾರದೆಂದರೆ ಆಟಗಾರರು ಬೆಂಗಳೂರಿನಾಚೆಯ ಊರುಗಳಿಂದಲೂ ಬರಬೇಕು. ಹದಿಮೂರಕ್ಕೇ ಬೆಂಚಿಗೆ ಕಳಿಸಿದ ಮಕ್ಕಳು ಎಲ್ಲಿಂದ ಬಂದಾರು?

ಹೆಣ್ಣುಮಕ್ಕಳ ವಿಷಯದಲ್ಲಂತೂ ಬೆಂಚು ಎಂದರೆ ಆಟದ ಕೊನೆ. ಎಂಟನೆಯ ತರಗತಿಯ ಹುಡುಗಿಯನ್ನು ಬೇರೆ ಊರಿಗೆ ಆಡಲು ಕಳಿಸುವುದಕ್ಕೆ ಮನೆಯಲ್ಲಿ ಮೊದಲೇ ನೂರು ಪ್ರಶ್ನೆ. ಹೋಗಿ, ಆಡದೆ ಬಂದಳೆಂದರೆ ‘ಆಡಸೂದಿಲ್ಲ ಅಂದಮ್ಯಾಲ ಯಾಕ ಹೋಗ್ತಿ, ಮನಿ ಕೆಲಸಾನಾದ್ರೂ ಮಾಡು’ ಎಂಬ ಮಾತು ಬರುತ್ತದೆ. ಮುಂದಿನ ವರ್ಷ ಅವಳ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಗಂಡುಹುಡುಗನಿಗೆ ಸಂಜೆ ಓಣಿಯಲ್ಲಾದರೂ ಆಡಲು ಜಾಗವಿದೆ, ಅವಳಿಗೆ ಅದೂ ಇಲ್ಲ.

ಎಲ್ಲ ಹಂತದಲ್ಲೂ ಎಲ್ಲರೂ ಸಮ ಆಡಲಿ ಎಂದು ಯಾರೂ ಕೇಳುತ್ತಿಲ್ಲ. ರಾಜ್ಯಮಟ್ಟದ ಪ್ರೌಢಶಾಲಾ ಫೈನಲಿನಲ್ಲಿ ಗಟ್ಟಿ ತಂಡ ಇಳಿಯಲಿ. ಆದರೆ ಹದಿನಾಲ್ಕರೊಳಗಿನ ಮಕ್ಕಳಿಗೆ, ಹೋಬಳಿ ಮತ್ತು ತಾಲ್ಲೂಕು ಮಟ್ಟದಲ್ಲಿ, ಪಟ್ಟಿಯಲ್ಲಿ ಹೆಸರಿರುವ ಪ್ರತಿ ಮಗುವೂ ಕಡಿಮೆಯೆಂದರೆ ಅರ್ಧ ಆಟ ಅಂಕಣದಲ್ಲಿ ಇರಬೇಕು ಎಂಬ ನಿಯಮ ಮಾಡಲು ಸರ್ಕಾರದ ದುಡ್ಡು ಬೇಡ. ಏಳು ಮಂದಿಯ ಕಬಡ್ಡಿಗೆ ಹನ್ನೆರಡು ಹೆಸರು. ಎರಡು ಅರ್ಧ ಸೇರಿಸಿದರೆ ಹದಿನಾಲ್ಕು ಜಾಗ. ಹನ್ನೆರಡು ಮಕ್ಕಳಿಗೆ ಅರ್ಧರ್ಧ ಕೊಟ್ಟ ಮೇಲೂ ಇಬ್ಬರು ಪೂರ್ತಿ ಆಟ ಆಡಬಹುದು. ಅಂದರೆ ನಿಮ್ಮ ಸ್ಟಾರ್ ರೇಡರ್ ಆಗಲೂ ಪೂರ್ತಿ ಆಡುತ್ತಾನೆ. ನಿಯಮ ಎಲ್ಲ ಶಾಲೆಗೂ ಒಂದೇ ಆದರೆ ಯಾವ ಮಾಸ್ತರರಿಗೂ ಅಂಜಿಕೆ ಇರುವುದಿಲ್ಲ.

ನಾಕ್‌ಔಟ್ ಬಿಟ್ಟು ಅಕ್ಕಪಕ್ಕದ ನಾಲ್ಕು ಊರಿನ ಶಾಲೆಗಳು ಭಾನುವಾರಗಳಲ್ಲಿ ಒಂದಕ್ಕೊಂದು ಆಡಿದರೆ ಒಟ್ಟು ಆರು ಪಂದ್ಯ. ಪ್ರತಿ ಶಾಲೆಗೂ ಮೂರು. ಒಂದರಲ್ಲಿ ಸೋತರೆ ಇನ್ನೊಂದಿದೆ. ಹಬ್ಬಕ್ಕೆ, ಜಾತ್ರೆಗೆ ಹೊನಲು ಬೆಳಕಿನ ಕಬಡ್ಡಿ ಇಡಿಸಿ ತೂಕದ ಮಿತಿ ಹಾಕುವ ಊರಿನ ಯುವಕ ಸಂಘಗಳು, ಬಹುಮಾನ ಕೊಡುವ ದಾನಿಗಳು ಇದನ್ನೂ ಮಾಡಬಲ್ಲರು. ‘ಬೆಸ್ಟ್ ರೇಡರ್’, ‘ಬೆಸ್ಟ್ ಕ್ಯಾಚರ್’ ಕಪ್ಪುಗಳ ಜೊತೆ, ಪಟ್ಟಿಯ ಎಲ್ಲರನ್ನೂ ಆಡಿಸಿದ ತಂಡಕ್ಕೂ ಒಂದು ಕಪ್ಪು ಇಡಲಿ. ವೇದಿಕೆಗೆ ಹನ್ನೆರಡೂ ಮಕ್ಕಳನ್ನು ಕರೆದು ಕೊಡಲಿ.

ಇನ್ನು ತಂದೆತಾಯಿಗಳು ಈ ವರ್ಷದ ಹೋಬಳಿ ಪಂದ್ಯಕ್ಕೆ ಮುಂಚೆ ಮಾಡಬಹುದಾದ ಕೆಲಸವೊಂದಿದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಟ್ಟಡ, ಬಿಸಿಯೂಟದ ವಿಷಯದ ಜೊತೆ ಆಟದ ವಿಷಯವನ್ನೂ ಎತ್ತಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪಂದ್ಯದ ದಿನಾಂಕ, ಎದುರು ತಂಡ, ಯಾವ ಮಗು ಎಷ್ಟು ನಿಮಿಷ ಆಡಿತು ಎಂದು ಬರೆದಿಡಲು ಕೇಳಲಿ. ಬೆಂಚಿನಲ್ಲಿ ಕೂತ ಮಕ್ಕಳಲ್ಲೇ ಒಬ್ಬರು ಗಡಿಯಾರ ನೋಡಿ ಅದನ್ನು ಬರೆಯಬಹುದು, ಆಮೇಲೆ ಸರದಿಯಂತೆ ಆಡಲು ಇಳಿಯಬಹುದು. ಜೂನ್ ಮತ್ತು ಡಿಸೆಂಬರಿನಲ್ಲಿ ಮಕ್ಕಳ ಎತ್ತರ, ತೂಕವನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಯಾರು ಮೊದಲು ಬೆಳೆದರು, ಯಾರು ಈಗ ಬೆಳೆಯುತ್ತಿದ್ದಾರೆ ಎಂಬುದು ಮಾಸ್ತರರಿಗೂ ಮನೆಯವರಿಗೂ ಒಟ್ಟಿಗೆ ತಿಳಿಯುತ್ತದೆ. ಆ ಪುಸ್ತಕ ವರ್ಷದ ಕೊನೆಗೆ ಶೀಲ್ಡುಗಳ ಕಪಾಟಿನ ಪಕ್ಕದಲ್ಲೇ ಇರಲಿ, ಇಲಾಖೆಯ ಅಧಿಕಾರಿಗಳು ಬಂದಾಗ ಅದನ್ನೂ ತೆರೆದು ನೋಡಲಿ.